ಪಟ್ಟೆ ಮುಂದಷ್ಟೇ ಸಾಲದು, ಹಿಂದೆಯೂ ಬೇಕು

ಬೇಸಿಗೆ ರಜೆಯಲ್ಲಿ ಅಬ್ಬಾನ ಟಂಟಂಗೆ ರೇಸಿಂಗ್ ಪಟ್ಟೆ ಅಂಟಿಸಿದೆ ಎಂದು ಹೇಳಿದಾಗ ನಮ್ಮ ತರಗತಿಯವರೆಲ್ಲ ನಕ್ಕರು. ನಗುವಂಥದ್ದೇ. ಅದು ಲಗೇಜ್ ಟಂಟಂ. ಗದಗ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಹೊರಟಿತೆಂದರೆ ಏರಿನಲ್ಲಿ ಎಮ್ಮೆಯೂ ಅದಕ್ಕಿಂತ ಮುಂದೆ ಹೋಗುತ್ತದೆ. "ಇಂಥಾ ಗಾಡಿಗೆ ರೇಸಿಂಗ್ ಪಟ್ಟಿ ಯಾಕೋ ಮಾರಾಯಾ?" ಎಂದು ಗೆಳೆಯನೊಬ್ಬ ಕೇಳಿದ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಬರೆಯುತ್ತಿದ್ದೇನೆ. ಕೊನೆಯಲ್ಲಿ ನಿಮ್ಮೆಲ್ಲರ ಹತ್ತಿರ ಒಂದು ಬೇಡಿಕೆಯೂ ಇದೆ.

ಮೊದಲು ಒಂದು ಮಾತು. ಗಾಡಿಗೆ ಸ್ಟಿಕರ್ ಹಚ್ಚುವುದನ್ನು ನಮ್ಮ ಹಿರಿಯರು ಕೆಟ್ಟ ಚಟಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. "ಓದೂದು ಬಿಟ್ಟು ರೇಡಿಯಂ ಹಚ್ಕೊಂಡು ಅಡ್ಡಾಡ್ತಾವ" ಎನ್ನುವ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಕಾರಹುಣ್ಣಿಮೆಗೆ ರೈತರು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಜೂಲ ಹೊದಿಸಿ ಮೆರೆಸುತ್ತಾರೆ. ಅದನ್ನು ಯಾರೂ ಚಟ ಎನ್ನುವುದಿಲ್ಲ. ದುಡಿಯುವ ಜೀವವನ್ನು ಸಿಂಗರಿಸುವುದು ಈ ನೆಲದ ಹಳೆಯ ರೂಢಿ. ನಮ್ಮ ದಾದಾ ಗದಗಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಟಾಂಗಾಗಳು ಹೋಗಿ ವರ್ಷಗಳೇ ಆದರೂ ಟಾಂಗಾಕೂಟ ಎನ್ನುವ ಹೆಸರು ಮಾತ್ರ ಊರಿನಲ್ಲಿ ಉಳಿದಿದೆ. ದಾದಾನ ಟಾಂಗಾದ ಗಾಲಿಯ ಕಡ್ಡಿಗಳಿಗೆ ಕೆಂಪು ಮತ್ತು ಹಳದಿ ಗೆರೆ ಇದ್ದವಂತೆ, ಕುದುರೆಯ ತಲೆಗೆ ತುರಾಯಿ ಇತ್ತಂತೆ. ದಾದಿ ಇವತ್ತಿಗೂ ಹೇಳುತ್ತಾರೆ. ಬಾಡಿಗೆ ಮನೆಯಲ್ಲಿರುವವನಿಗೆ ಗೋಡೆಗೆ ಬಣ್ಣ ಬಳಿಯುವ ಹಕ್ಕಿರುವುದಿಲ್ಲ. ಅವನಿಗೆ ಸ್ವಂತದ್ದು ಅಂತ ಇರುವುದು ಗಾಡಿ ಒಂದೇ. ಅದರ ಮೇಲೆ ಅವನು ಎರಡು ಗೆರೆ ಎಳೆದುಕೊಂಡರೆ ಯಾರ ಗಂಟೇನು ಹೋಗುತ್ತದೆ?

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲ ಸಲ ಅಂಟಿಸುವವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ಬೆಟಗೇರಿಯ ಒಂದು ರೇಡಿಯಂ ಅಂಗಡಿಗೆ ಹೋಗಿ ಮೂರು ಇಂಚು ಅಗಲದ ಎರಡು ಬಿಳಿ ಪಟ್ಟೆ ಬೇಕು ಎಂದೆ. ಮಾಲಕರು ಕಂಪ್ಯೂಟರಿನಲ್ಲಿ ಅಳತೆ ಹಾಕಿ, ಮಷೀನಿನಲ್ಲಿ ಕತ್ತರಿಸಿ ಕೊಟ್ಟರು. 280 ರೂಪಾಯಿ. "ನಾವ ಹಚ್ಚಿ ಕೊಡಬೇಕೇನು ತಮ್ಮಾ?" ಎಂದರು. ಅದಕ್ಕೆ ಬೇರೆ ಮಜೂರಿ. ಬೇಡ, ನಾನೇ ಹಚ್ಚುತ್ತೇನೆ ಎಂದೆ. ಅವರು ನಕ್ಕು, ಉಜ್ಜುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು 30 ರೂಪಾಯಿಗೆ ಕೊಟ್ಟು, "ಅವಸರ ಮಾಡಬ್ಯಾಡ. ಗಾಡಿ ತೊಳದಿಂದ ಪೂರ್ತಿ ಒಣಗಲಿ. ಬಿಸಿಲಾಗ ನಿಂತು ಹಚ್ಚಬ್ಯಾಡ" ಎಂದು ಎರಡು ಮಾತು ಹೇಳಿದರು. ನಾನು ಎರಡನ್ನೂ ಕೇಳಲಿಲ್ಲ.

ಶುಕ್ರವಾರ ಅಬ್ಬಾ ಬಾಡಿಗೆಗೆ ಹೋಗದ ಹೊತ್ತು ನೋಡಿ, ಗಾಡಿಯ ಮೂತಿಗೆ ಒಂದು ಬಕೆಟ್ ನೀರು ಸುರುವಿ, ಅರಿವೆಯಿಂದ ಒರೆಸಿ, ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಶುರು ಮಾಡಿದೆ. ಹಿಂದಿನ ಕಾಗದವನ್ನು ಒಂದೇ ಸಲಕ್ಕೆ ಪೂರ್ತಿ ಸುಲಿದೆ. ಗಾಳಿ ಬಂತು. ಐದಾರು ಅಡಿಯ ಪಟ್ಟೆ ಹಾವಿನಂತೆ ತಿರುಗಿ ತನಗೆ ತಾನೇ ಅಂಟಿಕೊಂಡಿತು. ಬಿಡಿಸಲು ಹೋದರೆ ಬಿಸಿಲಿಗೆ ಮೆತ್ತಗಾಗಿದ್ದ ಅಂಟು ಬಿಡಲಿಲ್ಲ, ಪಟ್ಟೆಯೇ ಎಳೆದುಕೊಂಡು ಸಣ್ಣಗಾಯಿತು. 280 ರೂಪಾಯಿಯಲ್ಲಿ ಅರ್ಧ ಹತ್ತು ನಿಮಿಷದಲ್ಲಿ ಹೋಯಿತು. ಉಳಿದ ಒಂದನ್ನು ಕಣ್ಣಳತೆಯಲ್ಲೇ ಅಂಟಿಸತೊಡಗಿದೆ.

ಆಗ ಚಾಚಾ ಒಳಗಿನಿಂದ ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ಚಾಚಾ ಗೌಂಡಿ. ಅಲ್ಲ, ಗೌಂಡಿ ಆಗಿದ್ದರು. ಅದನ್ನು ಮುಂದೆ ಹೇಳುತ್ತೇನೆ. ಸ್ವಲ್ಪ ಹೊತ್ತು ನೋಡಿ, "ಆಂಖ್ ಪೋ ಭರೋಸಾ ನಕ್ಕೋ ರೇ, ಧಾಗೇ ಪೋ ರಖ್" ಎಂದರು. ಕಣ್ಣನ್ನು ನಂಬಬೇಡ, ದಾರವನ್ನು ನಂಬು. ನನ್ನ ಪಟ್ಟೆ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಒಂದು ಬೆರಳಿನಷ್ಟು ಎಡಕ್ಕೆ ಜಾರಿತ್ತು. ಹತ್ತಿರ ನಿಂತ ನನಗೆ ಅದು ಕಂಡಿರಲಿಲ್ಲ. ದೂರ ಕುಳಿತ ಅವರಿಗೆ ಕಂಡಿತ್ತು.

ಸಂಜೆ ನಾಲ್ಕರ ಮೇಲೆ ನೆರಳಿನಲ್ಲಿ ಎರಡನೇ ಸಲ ಶುರು ಮಾಡಿದೆವು. ಹೊಸ ಪಟ್ಟೆಗೆ ಮತ್ತೆ 90 ರೂಪಾಯಿ. ಈ ಸಲ ಸೋಪಿನ ನೀರಿನಿಂದ ತೊಳೆದು, ಗ್ರೀಸ್ ಜಿಡ್ಡು ಪೂರ್ತಿ ಹೋಗುವಂತೆ ಒರೆಸಿ ಒಣಗಿಸಿದೆ. ಚಾಚಾ ಹೇಳಿದಂತೆ ಗಾಜಿನ ಅಗಲ ಅಳೆದು ನಡುವಿನ ಗುರುತು ಮಾಡಿ, ಮೇಲಿನಿಂದ ಕೆಳಗೆ ದಾರ ಹಿಡಿದು, ಬಳಪದಿಂದ ಗೆರೆ ಹಾಕಿದೆ. ನಡುಗೆರೆಯಿಂದ ಎರಡೂ ಕಡೆ ಒಂದೊಂದು ಇಂಚು ಬಿಟ್ಟು ಪಟ್ಟೆಯ ಜಾಗ. ಕಾಗದವನ್ನು ಪೂರ್ತಿ ಸುಲಿಯದೆ ಗೇಣುಗೇಣಾಗಿ ಸುಲಿಯುತ್ತಾ, ನಡುವಿನಿಂದ ಅಂಚಿನ ಕಡೆಗೆ ಉಜ್ಜುತ್ತಾ ಹೋದೆ. ಅಂಚಿನಿಂದ ನಡುವಿಗೆ ಉಜ್ಜಿದರೆ ಗಾಳಿ ಒಳಗೆ ಸಿಕ್ಕಿ ಗುಳ್ಳೆ ಏಳುತ್ತದೆ. ಎದ್ದ ಎರಡು ಗುಳ್ಳೆಗಳನ್ನು ಅಮ್ಮಿಯ ಹೊಲಿಗೆ ಸೂಜಿಯಿಂದ ಚುಚ್ಚಿ ಒತ್ತಿದೆ. ಮೂತಿಯ ಉಬ್ಬು ಇರುವಲ್ಲಿ ಪಟ್ಟೆ ಬಾಗಲಿಲ್ಲ. ಅಲ್ಲಿ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಸ್ವಲ್ಪ ಬಿಸಿ ಮಾಡಿದರೆ ಮೆತ್ತಗಾಗಿ ಕುಳಿತುಕೊಂಡಿತು. ಬಿಸಿಯೇ ಬೆಳಿಗ್ಗೆ ಕೆಡಿಸಿತ್ತು, ಬಿಸಿಯೇ ಸಂಜೆ ಸರಿಮಾಡಿತು. ಎಷ್ಟು, ಎಲ್ಲಿ ಎನ್ನುವುದೇ ವಿದ್ಯೆ. ಹೆಡ್‌ಲೈಟಿನ ಮೇಲೆ, ಇಂಡಿಕೇಟರಿನ ಮೇಲೆ, ನಂಬರ್ ಪ್ಲೇಟಿನ ಮೇಲೆ ಒಂದು ಚೂರೂ ಬರದಂತೆ ಅಂಚು ಕತ್ತರಿಸಿದೆ.

ಪಟ್ಟೆ ನೇರವಾಗಿ ಬಂತು. ಅಬ್ಬಾ ನಮಾಜ್ ಮುಗಿಸಿ ಬಂದು ನೋಡಿ ಏನೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಬಾಡಿಗೆಗೆ ಹೊರಡುವ ಮುಂಚೆ ತಾವೇ ಅರಿವೆ ತಂದು ಗಾಡಿಯ ಮೂತಿ ಒರೆಸಿದರು. ಅವರು ಹಾಗೆ ಒರೆಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಬರೀ ರಜೆಯ ಕಥೆಯಾಗುತ್ತಿತ್ತು. ಆದರೆ ಚಾಚಾ ಎದ್ದು ಹೋಗುವಾಗ ಗಾಡಿಯ ಹಿಂದೆ ಹೋಗಿ ನಿಂತರು. ಹಿಂದಿನ ಹಲಗೆಯನ್ನು ಕೋಲಿನಿಂದ ತಟ್ಟಿ, "ಇಧರ್ ಕಬ್?" ಎಂದು ಕೇಳಿದರು. ಇಲ್ಲಿಗೆ ಯಾವಾಗ?

ಹಿಂದಿನ ವರ್ಷದ ಕಬ್ಬಿನ ಹಂಗಾಮಿನಲ್ಲಿ ಚಾಚಾ ಶಿರಹಟ್ಟಿ ಕಡೆ ಕೆಲಸ ಮುಗಿಸಿ ರಾತ್ರಿ ಬೈಕಿನಲ್ಲಿ ಮನೆಗೆ ಬರುತ್ತಿದ್ದರು. ದಾರಿಯಲ್ಲಿ ಕಬ್ಬಿನ ಟ್ರೇಲರೊಂದು ಗಾಲಿ ಪಂಕ್ಚರ್ ಆಗಿ ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಗಾಲಿಗೆ ಇಟ್ಟ ಎರಡು ಕಲ್ಲು ಮಾತ್ರ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಿತ್ತು. ಕತ್ತಲೆಯೇ ಗಟ್ಟಿಯಾಗಿ ಎದುರಿಗೆ ನಿಂತ ಹಾಗಾಯಿತು ಎನ್ನುತ್ತಾರೆ ಚಾಚಾ. ಬಲಗಾಲಿಗೆ ರಾಡು ಹಾಕಿದ್ದಾರೆ. ಅಟ್ಟ ಹತ್ತಿ ಗೋಡೆ ಕಟ್ಟುತ್ತಿದ್ದವರು ಈಗ ಕಟ್ಟೆ ಹತ್ತಲು ಕೋಲು ಹಿಡಿಯುತ್ತಾರೆ. ಅವರ ಮಗಳು, ನನ್ನ ತಂಗಿ, ಹತ್ತನೇ ತರಗತಿ ಮುಗಿಸಿ ಸೈನ್ಸ್ ತೆಗೆದುಕೊಳ್ಳಬೇಕೆಂದಿದ್ದಳು. ಸದ್ಯ ಹೊಲಿಗೆ ಕಲಿಯುತ್ತಿದ್ದಾಳೆ. ಟ್ರ್ಯಾಕ್ಟರಿನವನೂ ಬಡವನೇ, ಅವನೂ ಅಲ್ಲಿಯೇ ನಿಂತು ಅತ್ತನಂತೆ. ಅವನ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ಆದರೆ ಆ ಟ್ರೇಲರಿನ ಹಿಂದೆ ಒಂದೆರಡು ಗೇಣು ಕೆಂಪು ಟೇಪು ಇದ್ದಿದ್ದರೆ ಎಂದು ನಾನು ದಿನಾ ಯೋಚಿಸುತ್ತೇನೆ.

ಅವತ್ತೇ ಅಂಗಡಿಗೆ ಮತ್ತೆ ಹೋಗಿ ಹಿಂದಿನ ಹಲಗೆಗೆ ಸಾಕಾಗುವಷ್ಟು ಕೆಂಪು ರಿಫ್ಲೆಕ್ಟರ್ ಟೇಪು ತಂದೆ. 120 ರೂಪಾಯಿ. ಅಂಟಿಸಲು ಕಾಲು ಗಂಟೆಯೂ ಹಿಡಿಯಲಿಲ್ಲ. ವಾಣಿಜ್ಯ ವಿದ್ಯಾರ್ಥಿಯಾದ ಮೇಲೆ ಲೆಕ್ಕ ಬರೆಯಲೇಬೇಕಲ್ಲ: ಚೆಂದಕ್ಕೆ ಖರ್ಚಾದದ್ದು 280, 90, 30 ಸೇರಿ 400 ರೂಪಾಯಿ. ಜೀವಕ್ಕೆ ಖರ್ಚಾದದ್ದು 120. ಚಾಚಾನ ಆಸ್ಪತ್ರೆಯ ಬಿಲ್ಲನ್ನು ಈ ಲೆಕ್ಕದ ಪಕ್ಕ ಇಡಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಒಂದು ವಿಷಯ ತಿಳಿಸಬೇಕು. ನಾವು ಎಲ್ಲ ಸ್ಟಿಕರಿಗೂ ರೇಡಿಯಂ ಎನ್ನುತ್ತೇವೆ. ಅದರಲ್ಲಿ ರೇಡಿಯಂ ಇಲ್ಲವೇ ಇಲ್ಲ. ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ವಿಕಿರಣ ಸೂಸುವ ಧಾತು. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಗಡಿಯಾರದ ಅಂಕಿಗಳಿಗೆ ಅದನ್ನು ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಮೆರಿಕದಲ್ಲಿ ಆ ಬಣ್ಣ ಹಚ್ಚುವ ಕೆಲಸ ಮಾಡಿದ ಎಷ್ಟೋ ಹೆಣ್ಣುಮಕ್ಕಳು ರೋಗ ಬಿದ್ದು ತೀರಿಕೊಂಡರು. ಆ ಹೊಳಪಿನ ನೆನಪಿನಿಂದ ಹೆಸರು ಮಾತ್ರ ನಮ್ಮ ಅಂಗಡಿಗಳ ಬೋರ್ಡಿನ ಮೇಲೆ ಉಳಿದಿದೆ. ಈಗಿನ ಬಣ್ಣದ ಪಟ್ಟೆ ಬರೀ ವಿನೈಲ್, ಅಂದರೆ ಒಂದು ಜಾತಿಯ ಪ್ಲಾಸ್ಟಿಕ್ ಹಾಳೆ. ಹಗಲಿಗೆ ಚೆಂದ, ರಾತ್ರಿಗೆ ಅದೂ ಕಪ್ಪೇ. ರಿಫ್ಲೆಕ್ಟರ್ ಟೇಪು ಬೇರೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಮೂಲೆ ಮೂಲೆಯ ಹರಳುಗಳೋ ಇರುತ್ತವೆ. ಕನ್ನಡಿ ಬೆಳಕನ್ನು ಎಲ್ಲಿಗೋ ತಿರುಗಿಸಿದರೆ, ಈ ಟೇಪು ಬಂದ ಬೆಳಕನ್ನು ಬಂದ ಕಡೆಗೇ ಕಳಿಸುತ್ತದೆ. ಹೀಗಾಗಿ ಹಿಂದಿನಿಂದ ಬರುವವನ ಹೆಡ್‌ಲೈಟೇ ಅವನ ಕಣ್ಣಿಗೆ ಸುದ್ದಿ ಮುಟ್ಟಿಸುತ್ತದೆ. ಬ್ಯಾಟರಿ ಬೇಡ, ಬಲ್ಬು ಬೇಡ.

ಆ ಸುದ್ದಿ ಎಷ್ಟು ಮುಂಚೆ ಮುಟ್ಟಬೇಕು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡು, ತಿಳಿದು, ಬ್ರೇಕಿಗೆ ಕಾಲು ಹೋಗುವುದಕ್ಕೇ ಒಂದು ಸೆಕೆಂಡು ಬೇಕು. ಅದಾದ ಮೇಲೆ ಗಾಡಿ ನಿಲ್ಲುವ ದೂರ ಬೇರೆ. ಹತ್ತಿರ ಬಂದಾಗ ಕಂಡರೆ ಕಂಡೂ ಪ್ರಯೋಜನವಿಲ್ಲ.

ಇನ್ನು ರೇಸಿಂಗ್ ಪಟ್ಟೆಯ ಹುಟ್ಟು. ಹಳೆಯ ಕಾಲದ ಕಾರಿನ ಓಟಗಳಲ್ಲಿ ದೇಶಕ್ಕೊಂದು ಬಣ್ಣ ಇತ್ತು: ಇಂಗ್ಲೆಂಡಿಗೆ ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ. ಅಮೆರಿಕದ್ದು ಬಿಳಿ ಮತ್ತು ನೀಲಿ. 1951ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟಕ್ಕೆ ಅಮೆರಿಕದ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ತಂದ ಬಿಳಿ ಕಾರುಗಳ ನಡುವೆ ನೀಲಿ ಪಟ್ಟೆಗಳಿದ್ದವು. ಮುಂದೆ 1965ರಲ್ಲಿ ಕ್ಯಾರಲ್ ಶೆಲ್ಬಿ ತಯಾರಿಸಿದ ಮಸ್ಟಾಂಗ್ ಜಿಟಿ350 ಕಾರಿನ ಬಿಳಿ ಮೈಮೇಲೆ ಅದೇ ನೀಲಿ ಪಟ್ಟೆ ಬಂದು ಜಗತ್ತಿಗೆಲ್ಲ ಹಬ್ಬಿತು. ಪಟ್ಟೆಯಿಂದ ಯಾವ ಕಾರೂ ಜೋರಾಗಿ ಓಡಲಿಲ್ಲ. ಓಡುವ ಕಾರು ಯಾರದು ಎಂದು ದೂರದಿಂದ ಗುರುತು ಸಿಗಲಿ ಎಂಬುದಕ್ಕೇ ಬಣ್ಣ ಮತ್ತು ಪಟ್ಟೆ ಬಂದದ್ದು. ಅಂದರೆ ಪಟ್ಟೆಯ ಕೆಲಸವೇ ಕಾಣಿಸುವುದು. ಹಾಗಿದ್ದ ಮೇಲೆ ನಮ್ಮ ರಸ್ತೆಗಳಲ್ಲಿ ನಿಜವಾದ ರೇಸಿಂಗ್ ಪಟ್ಟೆ ಯಾವುದು? ಪೆಟ್ರೋಲ್ ಟ್ಯಾಂಕಿನ ಮೇಲಿನದೋ, ರಾತ್ರಿ ಹತ್ತು ಗಂಟೆಗೆ ಮುಂಡರಗಿ ರಸ್ತೆಯಲ್ಲಿ ನಿಂತ ಟ್ರೇಲರಿನ ಬೆನ್ನ ಮೇಲಿನದೋ?

ಗೆಳೆಯರೇ, ಈಗ ನಮ್ಮ ಕಡೆಗೂ ಬೆರಳು ತೋರಿಸಬೇಕು. ಪಟ್ಟೆ ಹಚ್ಚುವುದು ತಪ್ಪಲ್ಲ ಎಂದೆ. ಆದರೆ ಹಚ್ಚಿದ ಮೇಲೆ ಓಡಿಸಬೇಕು ಎನಿಸುತ್ತದೆ. ನನಗೂ ಎನಿಸಿತು, ಕೀಲಿ ಮೊಳೆಗೆ ತೂಗುಹಾಕಿತ್ತು, ಅಬ್ಬಾ ಮಲಗಿದ್ದರು. ನನಗೆ ಹದಿನೇಳು. ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರ್ ಬೈಕಿಗೆ 18 ತುಂಬಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು ಹೇಳುವುದು ಇನ್ನೂ ಗಟ್ಟಿ: ನಾವು ಓಡಿಸಿ ಅಪರಾಧವಾದರೆ ಶಿಕ್ಷೆ ತಂದೆತಾಯಿಗೆ ಅಥವಾ ಗಾಡಿಯ ಮಾಲಕರಿಗೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ನಮಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಟಂಟಂ ಮೇಲೆಯೇ ನಡೆಯುವ ಮನೆಯಲ್ಲಿ 12 ತಿಂಗಳು ಗಾಡಿ ನಿಂತರೆ ಒಲೆಯೂ ನಿಲ್ಲುತ್ತದೆ. ಕೀಲಿಯನ್ನು ಮೊಳೆಯ ಮೇಲೆಯೇ ಬಿಟ್ಟೆ. ಹಾಗೆಯೇ ಕೆಎ-26ರ ಅಂಕಿಗಳನ್ನು ಹೂವಿನಂತೆ, ಹೆಸರಿನಂತೆ ಬರೆಸುವುದು, ಟೇಲ್‌ಲೈಟಿನ ಮೇಲೆ ಕಪ್ಪು ಹಾಳೆ ಅಂಟಿಸುವುದು, ಇವು ಅಲಂಕಾರವಲ್ಲ. ಕಾಣಿಸಬೇಕಾದದ್ದನ್ನು ಮುಚ್ಚುವ ಪಟ್ಟೆ ಪಟ್ಟೆಯೇ ಅಲ್ಲ.

ನನ್ನ ಬೇಡಿಕೆ ಇದು. ಈ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕ ಒಂದು ಭಾನುವಾರವನ್ನು ಇದಕ್ಕೆ ಕೊಡಲಿ. ಉಳ್ಳಾಗಡ್ಡಿ, ಹೆಸರು, ಮೆಣಸಿನಕಾಯಿ ತಂದ ಟ್ರ್ಯಾಕ್ಟರುಗಳು ಎಪಿಎಂಸಿ ಯಾರ್ಡಿನಲ್ಲಿ ಸಾಲಾಗಿ ನಿಂತಿರುತ್ತವೆ. ಮಾಲಕರನ್ನು ಕೇಳಿ, ಹಲಗೆ ಒರೆಸಿ, ಹಿಂದೆ ಕೆಂಪು, ಮುಂದೆ ಬಿಳಿ ಟೇಪು ಅಂಟಿಸೋಣ. ನಿಯಮವೂ ಅದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 104ನೇ ನಿಯಮ ಇರುವುದೇ ರಿಫ್ಲೆಕ್ಟರ್ ಬಗ್ಗೆ. ಟೇಪು ಕೊಳ್ಳುವಾಗ ಎಐಎಸ್-090 ಗುರುತು ಇರುವುದನ್ನೇ ಕೇಳೋಣ, ಅಗ್ಗದ್ದು ಒಂದು ಮಳೆಗಾಲಕ್ಕೆ ಮಂಕಾಗುತ್ತದೆ. ಚಕ್ಕಡಿಗಳನ್ನು ಮರೆಯುವುದು ಬೇಡ. ಅವಕ್ಕೆ ದೀಪವೇ ಇಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ದಿನಾ ಬಸ್ಸಿಗೆ ಬರುವ ವಿದ್ಯಾರ್ಥಿಗಳು ತಮ್ಮ ಓಣಿಯ ಎರಡೆರಡು ಟ್ರೇಲರಿನ ಹೊಣೆ ಹೊತ್ತರೂ ಸಾಕು. ಹಣಕ್ಕೆ ನನ್ನ ಲೆಕ್ಕ ಸರಳ: ಯಾರ ಮನೆಯ ಬೈಕಿಗೆ ಹೊಸ ಪಟ್ಟೆ ಬರುತ್ತದೋ ಅವರು ಒಂದು ಟ್ರೇಲರಿನ ಟೇಪಿಗೆ ಹಣ ಕೊಡಲಿ. ಚೆಂದಕ್ಕೆ ಒಂದು, ಜೀವಕ್ಕೆ ಒಂದು.

ಇದಕ್ಕೆ ಬರುವ ಆಕ್ಷೇಪಗಳೂ ನನಗೆ ಗೊತ್ತು. ಇದು ಆರ್‌ಟಿಒ ಕೆಲಸ, ಮಾಲಕರ ಕೆಲಸ, ನಮ್ಮದೇಕೆ ಎನ್ನುವವರಿದ್ದಾರೆ. ಅವರ ಕೆಲಸ ಹೌದು. ಅವರು ಮಾಡುವವರೆಗೆ ರಸ್ತೆಯಲ್ಲಿ ಬರುವವರು ಮಾತ್ರ ನಮ್ಮವರು. ಟೇಪಿನ ಮೇಲೆ ಕೆಸರು ಕುಳಿತರೆ, ಕಬ್ಬಿನ ಸೋಗೆ ಜೋತುಬಿದ್ದರೆ ಏನು ಕಂಡೀತು ಎಂದು ಒಬ್ಬ ಮೇಷ್ಟ್ರು ಕೇಳಿದರು. ನಿಜವಾದ ಪ್ರಶ್ನೆ. ಹಾಗಾಗಿ ಹಲಗೆಯ ಅಂಚಿಗೆ, ಸೋಗೆ ಮುಚ್ಚದ ಕಡೆ ಅಂಟಿಸಬೇಕು, ಮತ್ತು ವಾರಕ್ಕೊಮ್ಮೆ ಒರೆಸಿ ಎಂದು ಡ್ರೈವರಿಗೆ ಹೇಳಬೇಕು. ಟೇಪು ಇದ್ದ ಮಾತ್ರಕ್ಕೆ ಅಪಘಾತ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಹಿಂದಿನಿಂದ ಬರುವವನ ಹೆಡ್‌ಲೈಟೇ ಕೆಟ್ಟಿದ್ದರೆ ಟೇಪು ಏನೂ ಮಾಡಲಾರದು. ಆದರೆ ಬರುವವನಿಗೆ ಒಂದು ಅವಕಾಶ ಕೊಡುತ್ತದೆ. ಚಾಚಾಗೆ ಆ ಅವಕಾಶವೂ ಸಿಗಲಿಲ್ಲ.

ಟೇಪು ಅಂಟಿಸಿದ ರಾತ್ರಿ ದಾದಿಯನ್ನು ಅಂಗಳಕ್ಕೆ ಕರೆದು, ಮೊಬೈಲ್ ಟಾರ್ಚು ಹಚ್ಚಿ ಟಂಟಂ ಬೆನ್ನಿಗೆ ಬಿಟ್ಟು ತೋರಿಸಿದೆ. ಹಲಗೆ ಕೆಂಡದ ಹಾಗೆ ಕೆಂಪಗೆ ಕಂಡಿತು. ದಾದಿ ಸ್ವಲ್ಪ ಹೊತ್ತು ನೋಡಿ ಹೇಳಿದರು: ದಾದಾ ಟಾಂಗಾದ ಹಿಂದೆ ಕಂದೀಲು ಕಟ್ಟದೆ ಕತ್ತಲಾದ ಮೇಲೆ ಒಂದು ದಿನವೂ ಹೊರಗೆ ತೆಗೆಯಲಿಲ್ಲವಂತೆ. ಎಣ್ಣೆಗೆ ದುಡ್ಡಿಲ್ಲದ ದಿನ ಕುದುರೆ ಬಿಚ್ಚಿ ಮನೆಯಲ್ಲೇ ಕೂರುತ್ತಿದ್ದರಂತೆ. "ದಾರಿಯ ಕಲ್ಲು ಸರಿಸುವುದೂ ಸದಕಾನೇ ಬೇಟಾ" ಎಂದು ತಮ್ಮ ಮಾಮೂಲಿ ಮಾತನ್ನೂ ಸೇರಿಸಿ ಒಳಗೆ ಹೋದರು.

ದಾದಾಗೆ ಗೆರೆಯೂ ಬೇಕಾಗಿತ್ತು, ಕಂದೀಲೂ ಬೇಕಾಗಿತ್ತು. ನಮಗೂ ಎರಡೂ ಬೇಕು. ಭಾನುವಾರ ಯಾವುದು ಎಂದು ಎನ್ನೆಸ್ಸೆಸ್ ಅಧಿಕಾರಿಗಳು ಹೇಳಿದರೆ ಮೊದಲ ರೀಲಿನ ಹಣ ನಾನು ತರುತ್ತೇನೆ. ದಾರ ಮತ್ತು ಬಳಪ ಚಾಚಾ ತರುತ್ತಾರೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ